ತರಕಾರಿ ಬೆಳೆಗೆ ಬಲೆ ಬಂದ ಬಗೆ

ಈ ಹೊತ್ತು ಬಲೆಯ ಕಥೆ ಹೇಳಬೇಕೆಂದು ಬಂದಿದ್ದೇನೆ. ಟೊಮೆಟೊ, ಕೋಸು, ಬದನೆ, ಹೀರೆ ಮೊದಲಾದ ತರಕಾರಿಗಳನ್ನು ಹಕ್ಕಿಯಿಂದಲೂ ಹುಳದಿಂದಲೂ ಕಾಪಾಡುವುದಕ್ಕೆ ಹೊದಿಸತಕ್ಕ ಬಲೆಯ ಕಥೆ. ಕಥೆ ಯಾಕಪ್ಪಾ, ಯಾವ ಬಲೆ ಕೊಳ್ಳಬೇಕು ಅಂತ ಎರಡೇ ಮಾತಿನಲ್ಲಿ ಹೇಳಿಬಿಡು ಎಂದು ನೀವು ಕೇಳಬಹುದು. ಹಾಗೆ ಎರಡು ಮಾತಿನಲ್ಲಿ ಹೇಳಿ ನಾನು ಒಂದು ಮನೆಯವರಿಗೆ ನಷ್ಟ ಮಾಡಿಸಿದ್ದೇನೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಡಿಪ್ಲೊಮಾ ಮುಗಿಸಿ ನಾನು ಈ ಕೆಲಸಕ್ಕೆ ಸೇರಿ ಹೆಚ್ಚು ವರ್ಷವಾಗಿರಲಿಲ್ಲ. ಬಯಲುಸೀಮೆಯ ಒಂದು ಊರು. ಅರ್ಧ ಎಕರೆಯಲ್ಲಿ ಟೊಮೆಟೊ ಇಡುವ ಮನೆ. ಹಿಂದಿನ ಬೇಸಿಗೆಯಲ್ಲಿ ಎಲೆ ಮುಟುರು ರೋಗ ತಗಲಿ ಗಿಡಗಳೆಲ್ಲ ಮುದುಡಿ, ಕಾಯಿ ಕಟ್ಟದೆ, ಔಷಧಿ ಅಂಗಡಿಯ ಸಾಲ ಮಾತ್ರ ಉಳಿದಿತ್ತು. ಆ ಮನೆಯ ಯಜಮಾನರು ಸಂತೆ ದಿವಸ ನನ್ನನ್ನು ಕಂಡು, "ಸಾರ್, ಈ ಸಲ ಸಸಿಮಡಿಗೆ ಏನಾದರೂ ಹೊದಿಸೋಣ ಅಂತಿದ್ದೀನಿ. ಯಾವುದು ತರಲಿ?" ಎಂದರು. ನಾನು ಗಾಡಿ ಮೇಲೆ ಕೂತ ಹಾಗೆಯೇ, "ಐವತ್ತರ ಬಲೆ ತಗೊಳ್ಳಿ" ಎಂದು ಹೇಳಿ ಹೊರಟುಹೋದೆ.

ಮೂರು ವಾರ ಬಿಟ್ಟು ಆ ಕಡೆ ಹೋದಾಗ ನೋಡುತ್ತೇನೆ, ಮಡಿಯ ಮೇಲೆ ಹಸಿರು ಬಲೆ. ಒಳಗೆ ಸಸಿಗಳು ನೂಲಿನ ಹಾಗೆ ಎದ್ದು, ಬಿಳಿಚಿಕೊಂಡು, ಒಂದರ ಮೇಲೊಂದು ಒರಗಿವೆ. ಬಲೆಯ ಮೂಲೆ ಎತ್ತಿದರೆ ಹಿಟ್ಟು ಚೆಲ್ಲಿದಂತೆ ಬಿಳಿ ನೊಣ ಮೇಲಕ್ಕೆದ್ದವು. ಅವರು ತಂದಿದ್ದದ್ದು ಶೇಕಡಾ ೫೦ ನೆರಳು ಕೊಡುವ ಪರದೆ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ೫೦ ಮೆಶ್ಶಿನ ಹುಳದ ಬಲೆ. ಅಂಗಡಿಯವರ ತಪ್ಪೂ ಇಲ್ಲ, ಯಜಮಾನರ ತಪ್ಪೂ ಇಲ್ಲ. ಬಾಗಿಲಲ್ಲಿ ಅವರೆ ಸುಲಿಯುತ್ತಾ ಕೂತಿದ್ದ ಅಜ್ಜಿ ಕೇಳಿದರು: "ನೀನು ಐವತ್ತು ಅಂದ್ಯಂತೆ, ನನ್ನ ಮಗ ಐವತ್ತೇ ತಂದವ್ನೆ. ಇನ್ನು ಯಾವ ಐವತ್ತಪ್ಪ?"

ನನಗೆ ಉತ್ತರ ಗೊತ್ತಿತ್ತು, ಆದರೆ ಅಜ್ಜಿಗೆ ತಿಳಿಯುವ ಹಾಗೆ ಹೇಳಲು ಬಾಯಿ ಬರಲಿಲ್ಲ. ಆಮೇಲೆ ಓದುತ್ತಾ ಹೋದಂತೆ ತಿಳಿಯಿತು: ಅಂಗಡಿಯಲ್ಲಿ ಒಂದೇ ಗಳುವಿಗೆ ನೇತುಹಾಕುವ ಈ ಬಲೆಗಳು ಒಂದೇ ಮನೆಯಲ್ಲಿ ಹುಟ್ಟಿದವಲ್ಲ. ಒಂದೊಂದೂ ಬೇರೆ ಬೇರೆ ಕಡೆ, ಬೇರೆ ಬೇರೆ ಕಷ್ಟಕ್ಕಾಗಿ ಹುಟ್ಟಿ, ಕಡೆಗೆ ತರಕಾರಿ ತೋಟಕ್ಕೆ ಬಂದು ಸೇರಿದವು.

ಮೊದಲು ಹಕ್ಕಿಯ ಬಲೆ. ನಮ್ಮ ಹಿರಿಯರು ಬೆಳೆಗೆ ಬಲೆ ಹೊದಿಸಿದವರಲ್ಲ, ಕಾವಲು ಕೂತವರು. ಹೊಲದ ನಡುವೆ ಅಟ್ಟ ಕಟ್ಟಿ, ಕವಣೆ ಬೀಸಿ, ಡಬ್ಬ ಬಡಿದು, ಹೋ ಎಂದು ಕೂಗಿ ಹಕ್ಕಿ ಓಡಿಸುತ್ತಿದ್ದರು. ಸುಮಾರು ಎರಡು ಸಾವಿರ ವರ್ಷ ಹಳೆಯದಾದ ತಮಿಳಿನ ಸಂಗಂ ಕವಿತೆಗಳಲ್ಲಿ ಬೆಟ್ಟದ ಹೊಲದ ನವಣೆ ಕಾಯುವ ಹುಡುಗಿಯರು ಗಿಳಿ ಓಡಿಸುವ ಮಾತು ಮತ್ತೆ ಮತ್ತೆ ಬರುತ್ತದೆ. ಕವಿಗಳಿಗೆ ಅದು ಚೆಂದ. ಕಾಯುವವರಿಗೆ ಹೇಗಿತ್ತು ಅಂತ ಕಾದವರನ್ನೇ ಕೇಳಬೇಕು. ತೆನೆಯಲ್ಲಿ ಹಾಲು ತುಂಬಿದ ದಿವಸದಿಂದ ಕೊಯ್ಲಿನ ತನಕ ಬೆಳಗಿನ ಜಾವಕ್ಕೇ ಅಲ್ಲಿರಬೇಕು, ಸಂಜೆ ಗಿಳಿ ಗೂಡಿಗೆ ಹೋಗುವ ತನಕ ಏಳುವಂತಿಲ್ಲ. ಸಾಧಾರಣವಾಗಿ ಈ ಕೆಲಸ ಬೀಳುತ್ತಿದ್ದದ್ದು ಮುದುಕರ ಮೇಲೆ, ಇಲ್ಲವೇ ಮಕ್ಕಳ ಮೇಲೆ. ನಾನೂ ಅಜ್ಜನ ಜೋಳದ ಹೊಲಕ್ಕಾಗಿ ಶಾಲೆ ತಪ್ಪಿಸಿದವನೇ.

ಬಲೆ ಆಗ ಇರಲಿಲ್ಲವೆಂದಲ್ಲ. ಬೆಸ್ತರ ಹತ್ತಿರ ಇತ್ತು, ಹಕ್ಕಿ ಹಿಡಿಯುವವರ ಹತ್ತಿರ ಇತ್ತು. ಆದರೆ ಕೈಯಿಂದ ಒಂದೊಂದೇ ಗಂಟು ಹಾಕಿ ಕಟ್ಟುವ ಬಲೆಯನ್ನು ಗುಂಟೆಗಟ್ಟಲೆ ಬೆಳೆಯ ಮೇಲೆ ಹರಡುವಷ್ಟು ಯಾರಿಗಿತ್ತು? ಹತ್ತಿಯ ನೂಲೋ ಸೆಣಬೋ ಆದ್ದರಿಂದ ಮಳೆ ಬಿಸಿಲಿಗೆ ಬಿಟ್ಟರೆ ಕೊಳೆತುಹೋಗುತ್ತಿತ್ತು.

ಬೆಳೆಗೆ ಬಲೆ ಹೊದಿಸುವ ಪದ್ಧತಿ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಹಣ್ಣಿನ ತೋಟಗಳಲ್ಲಿ ಚೆನ್ನಾಗಿ ಕಾಣಸಿಗುತ್ತದೆ. ಅಲ್ಲಿ ಸ್ಟ್ರಾಬೆರಿ, ಚೆರ್ರಿ ಮೊದಲಾದ ಹಣ್ಣು ಕೆಂಪಾಗುವ ಹೊತ್ತಿಗೆ ಹಕ್ಕಿಗಳು ಮುಗಿಬೀಳುತ್ತಿದ್ದವು. ಸಮುದ್ರದಲ್ಲಿ ಮೀನು ಹಿಡಿದು ಹಳತಾದ ಬಲೆಗಳನ್ನು ಕೊಂಡು ತಂದು ಗಿಡಗಳ ಮೇಲೆ ಹರಡುತ್ತಿದ್ದರು. ತೋಟಗಾರಿಕೆ ಪತ್ರಿಕೆಗಳಲ್ಲಿ ಅಂಥ ಬಲೆಗಳ ಜಾಹೀರಾತೂ ಬರುತ್ತಿತ್ತು. ಆ ಬಲೆ ಕೊಳೆಯದಂತೆ ಅದನ್ನು ಒಂದು ಕಂದು ಕಷಾಯದಲ್ಲಿ ಅದ್ದಿ ಹದ ಮಾಡುತ್ತಿದ್ದರು. ಆ ಕಷಾಯ ಯಾವುದು ಗೊತ್ತೇ? ನೀವು ಎಲೆ ಅಡಿಕೆಗೆ ಹಾಕಿಕೊಳ್ಳುವ ಕಾಚು! ಕಗ್ಗಲಿ ಜಾತಿಯ ಮರದ ಚೇಗನ್ನು ಕುದಿಸಿ ತೆಗೆದ ಈ ಸರಕು ಬರ್ಮಾದಿಂದಲೂ ಇಂಡಿಯಾದಿಂದಲೂ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಅವರು ಅದನ್ನು 'ಕಚ್' ಎಂದು ಕರೆದರು, ನಮ್ಮ ಮಾತಿಗೆ ಎಷ್ಟು ಹತ್ತಿರ ನೋಡಿ. ಇಲ್ಲಿ ಬಾಯಿ ಕೆಂಪಾಗಿಸಿದ ವಸ್ತು ಅಲ್ಲಿ ಬಲೆ ಕಾಯ್ದಿತು.

ಕಾಚಿನ ಕಾಲ ಮುಗಿದದ್ದು ಕೊಳೆಯದ ನೂಲು ಬಂದಾಗ. ೧೯೩೩ರಲ್ಲಿ ಇಂಗ್ಲೆಂಡಿನ ಒಂದು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಪಾಲಿಥೀನ್ ಸಿಕ್ಕಿತು, ಅದೂ ಆಕಸ್ಮಿಕವಾಗಿ. ೧೯೩೫ರಲ್ಲಿ ಅಮೆರಿಕದಲ್ಲಿ ವ್ಯಾಲೆಸ್ ಕರೋಥರ್ಸ್ ಎಂಬುವರ ತಂಡ ನೈಲಾನ್ ಮಾಡಿತು. ೧೯೫೩ರಲ್ಲಿ ಜರ್ಮನಿಯ ಕಾರ್ಲ್ ಸೀಗ್ಲರ್ ಗಟ್ಟಿ ಜಾತಿಯ ಪಾಲಿಥೀನ್ ಮಾಡುವ ದಾರಿ ಕಂಡುಹಿಡಿದರು. ಈಗ ನೀವು ಕೊಳ್ಳುವ ಬಲೆಗಳಲ್ಲಿ ಬಹುಪಾಲು ಇದರದೇ. ಅದೇ ದಶಕದಲ್ಲಿ ಇಂಗ್ಲೆಂಡಿನ ಬ್ರಯಾನ್ ಮರ್ಸರ್ ಎಂಬುವರು ಗಂಟೂ ಇಲ್ಲದೆ, ನೇಯ್ಗೆಯೂ ಇಲ್ಲದೆ, ಕರಗಿದ ಪ್ಲಾಸ್ಟಿಕ್ಕನ್ನು ಶಾವಿಗೆ ಒತ್ತಿದ ಹಾಗೆ ಒತ್ತಿ ನೇರವಾಗಿ ಬಲೆಯನ್ನೇ ಹೊರತೆಗೆಯುವ ಯಂತ್ರ ಮಾಡಿದರು. ಬಡ ರೈತನೂ ಬಲೆಯ ಬೆಲೆ ಕೇಳುವಂತಾದದ್ದು ಇವುಗಳಿಂದ.

ಆದ್ದರಿಂದ ಹಕ್ಕಿ ಬಲೆ ಎಂದರೆ ಮೀನಿನ ಬಲೆಯ ಸಂತಾನ. ಬೆಸ್ತರು ಮೀನಿನ ಗಾತ್ರ ನೋಡಿ ಬಲೆಯ ಕಣ್ಣು ಇಡುತ್ತಾರಲ್ಲ, ನೀವೂ ಹಾಗೆಯೇ ಹಕ್ಕಿಯ ಗಾತ್ರ ನೋಡಿ ಕೊಳ್ಳಬೇಕು. ಗುಬ್ಬಿ, ರಾಟವಾಳದಂಥ ಸಣ್ಣ ಹಕ್ಕಿಗೆ ಕಣ್ಣು ಮುಕ್ಕಾಲು ಅಂಗುಲಕ್ಕೆ ಮೀರಬಾರದು. ಗಿಳಿ, ಗೊರವಂಕಕ್ಕೆ ಒಂದು ಅಂಗುಲ ಸಾಕು. ನವಿಲು ಮಾತ್ರವೇ ಕಾಟವಾದರೆ ಎರಡು ಅಂಗುಲದ ಕಣ್ಣೂ ನಡೆಯುತ್ತದೆ, ಬೆಲೆಯೂ ಕಡಿಮೆ. ಮೀನು ಹಿಡಿಯುವ ತೆಳು ಎಳೆಯ ಕಣ್ಣಿಗೆ ಕಾಣದ ಬಲೆಯನ್ನು ಮಾತ್ರ ತೋಟಕ್ಕೆ ತರಬೇಡಿ. ಅದು ಸಿಕ್ಕಿಸುವುದಕ್ಕೇ ಹುಟ್ಟಿದ್ದು. ಹಕ್ಕಿಯ ಕಾಲು, ಹಾವು, ಗೂಬೆ ಎಲ್ಲವೂ ಅದರಲ್ಲಿ ಸಿಕ್ಕಿ ಸಾಯುತ್ತವೆ. ತುಸು ದಪ್ಪ ಎಳೆಯ, ಕಾಣುವ ಬಣ್ಣದ ಬಲೆಯನ್ನು ಕಂಬ ನೆಟ್ಟು ಬಿಗಿಯಾಗಿ ಎಳೆದು ಕಟ್ಟಿ. ಜೋಲುಬಿಟ್ಟರೆ ಅದೂ ಉರುಲೇ. ನವಿಲು ೧೯೬೩ರಿಂದ ನಮ್ಮ ರಾಷ್ಟ್ರಪಕ್ಷಿ, ೧೯೭೨ರ ವನ್ಯಜೀವಿ ಕಾಯಿದೆ ಅದನ್ನು ಕಾಯುತ್ತದೆ. ಅದಕ್ಕೆ ವಿಷ ಇಟ್ಟರೆ ಬೆಳೆಯ ಜೊತೆಗೆ ಜೈಲೂ ಲೆಕ್ಕಕ್ಕೆ ಬರುತ್ತದೆ.

ಹಕ್ಕಿಯನ್ನು ಪೂರಾ ತೊಲಗಿಸಿಬಿಟ್ಟರೆ ಆಯಿತಲ್ಲ ಅನ್ನುವವರೂ ಉಂಟು. ಚೀನಾ ದೇಶದಲ್ಲಿ ೧೯೫೮ರಲ್ಲಿ ಹಾಗೇ ಮಾಡಿದರು. ಗುಬ್ಬಿ ಕಾಳು ತಿನ್ನುತ್ತದೆಂದು ಊರಿಗೆ ಊರೇ ತಪ್ಪಲೆ ಬಡಿದು, ಕೂರಗೊಡದೆ ಹಾರಿಸಿ ಹಾರಿಸಿ ಕೊಂದರು. ಗುಬ್ಬಿ ತಿನ್ನುತ್ತಿದ್ದ ಹುಳಗಳು ಬೆಳೆಯ ಮೇಲೆ ಬಿದ್ದವು. ೧೯೬೦ರಲ್ಲಿ ಸರ್ಕಾರವೇ ಕೊಲ್ಲಬೇಕಾದವುಗಳ ಪಟ್ಟಿಯಿಂದ ಗುಬ್ಬಿಯ ಹೆಸರು ತೆಗೆದು ತಿಗಣೆಯ ಹೆಸರು ಹಾಕಿತು. ನಿಮ್ಮ ತೋಟದಲ್ಲೂ ಗೊರವಂಕ, ಕಾಜಾಣ, ಬೆಳ್ಳಕ್ಕಿಗಳು ಹುಳ ತಿನ್ನುತ್ತವೆ. ಹಕ್ಕಿ ಬಲೆಯನ್ನು ವರ್ಷವಿಡೀ ಹಾಸಿಡದೆ, ಬೀಜ ಮೊಳೆಯುವಾಗ ಹಾಗೂ ಹಣ್ಣು ಬಣ್ಣಕ್ಕೆ ತಿರುಗುವಾಗ ಕಟ್ಟಿ, ಆಮೇಲೆ ಬಿಚ್ಚಿಡುವುದು ಲೇಸು.

ಇನ್ನು ಅಜ್ಜಿಯ ಹಸಿರು ಪರದೆಗೆ ಬರೋಣ. ಅದರ ಹಿರಿಯ ಹೊಗೆಸೊಪ್ಪಿನ ಹೊಲದಲ್ಲಿದ್ದಾನೆ. ಅಮೆರಿಕದ ಕನೆಕ್ಟಿಕಟ್ ಪ್ರಾಂತದಲ್ಲಿ ಚುಟ್ಟದ ಮೇಲೆ ಸುತ್ತುವ ಹೊಗೆಸೊಪ್ಪು ಬೆಳೆಯುತ್ತಿದ್ದರು. ಸುಮಾತ್ರಾ ದ್ವೀಪದಿಂದ ಬರುತ್ತಿದ್ದ ತೆಳುವಾದ ಎಲೆಯ ಮುಂದೆ ಅವರ ಎಲೆ ಮಾರಾಟವಾಗದೆ ಹೋಯಿತು. ೧೯೦೦ರಲ್ಲಿ ಅಲ್ಲಿ ಕಂಬ ನೆಟ್ಟು, ಹೊಲದ ಮೇಲೆ ಜಾಳು ಹತ್ತಿ ಬಟ್ಟೆಯ ಚಪ್ಪರ ಹಾಕಿ ನೋಡಿದರು. ಬಿಸಿಲು ಕಡಿಮೆಯಾಗಿ ಎಲೆ ಅಗಲವಾಗಿ, ತೆಳ್ಳಗೆ ಬಂತು. ಕೆಲವೇ ವರ್ಷದಲ್ಲಿ ಆ ಸೀಮೆಯಲ್ಲಿ ಎಕರೆಗಟ್ಟಲೆ ಹೊಲ ಬಟ್ಟೆಯ ಕೆಳಗೆ ಬಂತು. ಕಾಲಕ್ರಮದಲ್ಲಿ ಬಟ್ಟೆ ಹೋಗಿ ಪ್ಲಾಸ್ಟಿಕ್ ನೂಲಿನ ಪರದೆ ಬಂತು.

ನೋಡಿದಿರಾ? ಬೆಳಕು ಕಡಿಮೆ ಮಾಡಿ ಎಲೆ ತೆಳ್ಳಗಾಗಿಸುವುದೇ ಅಂಥ ಪರದೆಯ ಹುಟ್ಟುಕೆಲಸ. ಟೊಮೆಟೊ ಸಸಿ ನೂಲಿನ ಹಾಗೆ ಎದ್ದದ್ದು ಯಾಕೆ ಅಂತ ನನಗೆ ಆಗ ಅರ್ಥವಾಯಿತು. ಪರದೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು! ನೆರಳು ಪರದೆಯಲ್ಲಿ ೩೫, ೫೦, ೭೫ ಎಂದು ಬರೆದಿದ್ದರೆ ಅದು ತಡೆಯುವ ಬಿಸಿಲಿನ ಲೆಕ್ಕ, ನೂರಕ್ಕೆ ಇಷ್ಟು ಪಾಲು ಅಂತ. ತಡೆಯುವ ಹುಳದ ಲೆಕ್ಕವಲ್ಲ. ಬಿಳಿ ನೊಣಕ್ಕೆ ಅದರ ಕಣ್ಣು ಊರಬಾಗಿಲು. ಕಡು ಬೇಸಿಗೆಯಲ್ಲಿ ಸೊಪ್ಪಿಗೆ, ಹೊಸದಾಗಿ ನೆಟ್ಟ ಸಸಿಗೆ ನಾಲ್ಕು ದಿವಸ ನೆರಳು ಬೇಕಾದರೆ ಅದು ಒಳ್ಳೆಯದು, ಅಷ್ಟೇ.

ಮೂರನೆಯದು ಹುಳದ ಬಲೆ. ಇದು ಸೊಳ್ಳೆ ಪರದೆಯ ವಂಶ. ಎರಡೂವರೆ ಸಾವಿರ ವರ್ಷದ ಹತ್ತಿರ ಹಿಂದೆ ಹೆರೊಡೋಟಸ್ ಎಂಬ ಗ್ರೀಕರವನು ಈಜಿಪ್ಟಿನ ಜೌಗು ಸೀಮೆಯವರ ವಿಚಾರ ಬರೆದಿದ್ದಾನೆ. ಅವರು ಹಗಲು ಮೀನು ಹಿಡಿದ ಬಲೆಯನ್ನೇ ರಾತ್ರಿ ಹಾಸಿಗೆಯ ಸುತ್ತ ಕಟ್ಟಿ ಮಲಗುತ್ತಿದ್ದರಂತೆ. ಬಟ್ಟೆ ಹೊದ್ದರೆ ಅದರ ಮೂಲಕವೇ ಕಚ್ಚುವ ಸೊಳ್ಳೆ, ಬಲೆಯ ತಂಟೆಗೆ ಮಾತ್ರ ಬರುವುದಿಲ್ಲವಂತೆ. ಮೀನಿನ ಬಲೆಯ ಕಣ್ಣಲ್ಲಿ ಸೊಳ್ಳೆ ನುಗ್ಗದೆ ಸುಮ್ಮನಿತ್ತು ಎಂದರೆ ನನಗಂತೂ ನಂಬಿಕೆ ಬರುವುದಿಲ್ಲ. ನಮ್ಮ ಸೊಳ್ಳೆಗಳು ಅಷ್ಟು ಮರ್ಯಾದಸ್ಥರಲ್ಲ.

ಸಣ್ಣ ಕಣ್ಣಿನ ಬಲೆ ಅಗ್ಗವಾಗಿ ಸಿಗಲು ಯಂತ್ರ ಬೇಕಾಯಿತು. ೧೮೦೮–೦೯ರಲ್ಲಿ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಅದನ್ನು ಮಾಡಿದರು. ೧೮೯೭ರ ಆಗಸ್ಟಿನಲ್ಲಿ ನಮ್ಮ ನೆರೆಯ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಮಲೇರಿಯಾದ ಬೀಜವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡ ಮೇಲಂತೂ, ಕಿಟಕಿಗೆ ಜಾಲರಿ, ಮಂಚಕ್ಕೆ ಪರದೆ ಎನ್ನುವುದು ಸುಖದ ಮಾತಾಗಿ ಉಳಿಯದೆ ಪ್ರಾಣದ ಮಾತಾಯಿತು. ಮನುಷ್ಯರಿಗೆ ಆದದ್ದು ಗಿಡಗಳಿಗೆ ಆಗುವುದಕ್ಕೆ ಬಹಳ ಕಾಲ ಹಿಡಿಯಿತು. ನಡುವೆ ಡಿಡಿಟಿ ಬಂತು ನೋಡಿ. ೧೯೩೯ರಲ್ಲಿ ಪಾಲ್ ಮುಲ್ಲರ್ ಅದರ ಕೊಲ್ಲುವ ಗುಣ ಕಂಡುಹಿಡಿದರು, ೧೯೪೮ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಒಂದು ಸಲ ಸಿಂಪಡಿಸಿದರೆ ಮುಗಿಯಿತು ಎನ್ನುವಾಗ ಪಾತಿಗೆ ಬಟ್ಟೆ ಬಲೆ ಹೊದಿಸುವವರಾರು? ಆದರೆ ೧೯೫೩ರಷ್ಟು ಬೇಗ ಜಾವಾ ದ್ವೀಪದಲ್ಲಿ ಕೋಸಿನ ಡೈಮಂಡ್ ಪತಂಗದ ಹುಳ ಡಿಡಿಟಿಗೆ ಜಗ್ಗದೆ ನಿಂತಿತು. ಇಂಡಿಯಾದಲ್ಲಿ ಬೇಸಾಯಕ್ಕೆ ಡಿಡಿಟಿ ನಿಂತದ್ದು ೧೯೮೯ರಲ್ಲಿ. ಅಷ್ಟರಲ್ಲಿ ಆ ಹುಳ ಬೇರೆ ಎಷ್ಟೋ ಔಷಧಿಗಳನ್ನೂ ಅರಗಿಸಿಕೊಂಡಿತ್ತು.

ನಮ್ಮ ರೇಷ್ಮೆ ಸೀಮೆಯ ಮನೆಗಳಿಗೆ ನೈಲಾನ್ ಬಲೆ ಪರಿಚಯವಾದದ್ದು ತರಕಾರಿಯಿಂದಲ್ಲ, ರೇಷ್ಮೆ ಹುಳದಿಂದ. ೧೯೮೦ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣ ಕರ್ನಾಟಕಕ್ಕೆ ಬಂತು. ಅದು ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗಿಂದ ತಿಂದು ಗೂಡು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. ಹುಳು ಸಾಕುವ ಮನೆಯ ಬಾಗಿಲು ಕಿಟಕಿಗಳಿಗೆ, ಸ್ಟ್ಯಾಂಡಿನ ಸುತ್ತಲೂ ಬಲೆ ಕಟ್ಟುವುದು ಆಗಿನಿಂದ ವಾಡಿಕೆಯಾಯಿತು. ಅದರಲ್ಲಿ ಉಳಿದ ತುಂಡನ್ನು ಟೊಮೆಟೊ ಮಡಿಗೆ ಹೊದಿಸಿ, ಆದರೂ ಮುಟುರು ಬಂತಲ್ಲ ಎಂದವರನ್ನು ನಾನು ಕಂಡಿದ್ದೇನೆ. ಬಾರದೆ ಏನಾದೀತು? ಊಜಿ ಮನೆನೊಣಕ್ಕಿಂತ ದೊಡ್ಡದು. ಬಿಳಿ ನೊಣದ ಎದೆಯ ಅಗಲ ಸುಮಾರು ಕಾಲು ಮಿಲಿಮೀಟರು, ಒಂದು ಅಂಗುಲದಲ್ಲಿ ನೂರು ನೊಣ ಸಾಲಾಗಿ ಕೂರಬಹುದು.

ಈ ಬಿಳಿ ನೊಣ ರಸ ಹೀರಿದ್ದರಿಂದ ಆಗುವ ನಷ್ಟ ಅಲ್ಪ, ಅದು ಹೊತ್ತು ತರುವ ನಂಜೇ ದೊಡ್ಡದು. ಟೊಮೆಟೊದ ಮುಟುರು ರೋಗವನ್ನು ಉತ್ತರ ಇಂಡಿಯಾದಲ್ಲಿ ವಾಸುದೇವ, ಸ್ಯಾಮ್ ರಾಜ್ ಎಂಬ ವಿಜ್ಞಾನಿಗಳು ೧೯೪೮ರಲ್ಲಿ ವರದಿ ಮಾಡಿದರು. ಅದೇ ಬಳಗದ ಇನ್ನೊಂದು ನಂಜು ೧೯೫೯ರ ಹೊತ್ತಿಗೆ ಇಸ್ರೇಲಿನ ಜೋರ್ಡಾನ್ ಕಣಿವೆಯ ಟೊಮೆಟೊವನ್ನು ಹಿಡಿಯಿತು. ಅಲ್ಲಿಯೂ ಔಷಧಿ ಸಾಕಷ್ಟು ಸುರಿದು ನೋಡಿದರು. ಔಷಧಿ ನೊಣವನ್ನು ಕೊಲ್ಲುವಷ್ಟರಲ್ಲಿ ಅದು ಗಿಡಕ್ಕೆ ನಂಜು ಮುಟ್ಟಿಸಿ ಆಗಿರುತ್ತಿತ್ತು. ಕೊನೆಗೆ ೧೯೯೦ರ ಸುಮಾರಿಗೆ ನೊಣದ ಮೈ ಅಳತೆಗೆ ನೇಯ್ದ ೫೦ ಮೆಶ್ ಬಲೆಯನ್ನು ಅಲ್ಲಿಯ ಬೆಳೆಗಾರರು ಹಿಡಿದರು. ಮೆಶ್ ಎಂದರೆ ಒಂದು ಅಂಗುಲ ಉದ್ದದಲ್ಲಿ ಎಷ್ಟು ಕಣ್ಣು ಎಂಬ ಲೆಕ್ಕ. ಅಜ್ಜಿ, ನೀವು ಕೇಳಿದ ಇನ್ನೊಂದು ಐವತ್ತು ಇದೇ.

ಲೆಕ್ಕ ಹೆಚ್ಚಾದಷ್ಟೂ ಕಣ್ಣು ಸಣ್ಣದು. ಕೋಸಿನ ಪತಂಗ, ಬದನೆಯ ಕಾಯಿ ಕೊರಕದ ಚಿಟ್ಟೆ ಇವುಗಳಿಗೆ ಸಾಧಾರಣ ಸೊಳ್ಳೆ ಪರದೆಯ ಕಣ್ಣೇ ಸಾಕು. ಸಸ್ಯಹೇನಿಗೆ ೪೦ ಮೆಶ್ ಪೂರಾ ಸಾಲದು, ಬಿಳಿ ನೊಣಕ್ಕೆ ೫೦ ಬೇಕು. ಥ್ರಿಪ್ಸ್ ಇನ್ನೂ ಸಪುರ, ಮಿಲಿಮೀಟರಿನಲ್ಲಿ ಐದನೇ ಒಂದು ಪಾಲು, ೫೦ರಲ್ಲೂ ನುಸುಳುತ್ತದೆ. ಹಾಗಾದರೆ ಎಲ್ಲಕ್ಕೂ ಅತಿ ಸಣ್ಣ ಕಣ್ಣಿನದನ್ನೇ ತರೋಣ ಎನ್ನಬೇಡಿ. ಕಣ್ಣು ಸಣ್ಣದಾದಂತೆ ಗಾಳಿ ಆಡುವುದಿಲ್ಲ, ಒಳಗೆ ಸೆಕೆ ಏರುತ್ತದೆ, ತೇವ ನಿಂತು ಸಸಿ ಬುಡದಲ್ಲಿ ಕೊಳೆಯುತ್ತದೆ, ದುಡ್ಡೂ ಹೆಚ್ಚು. ಹುಳದ ಗಾತ್ರದ ಜೊತೆಗೆ ಅದರ ಹೊತ್ತನ್ನೂ ನೋಡಬೇಕು. ಕೋಸಿನ ಪತಂಗ ಹಾರುವುದು ಮುಸ್ಸಂಜೆ, ರಾತ್ರಿ. ಹಗಲು ಸೆಕೆಯಾದರೆ ಕೋಸಿನ ಬಲೆ ಎತ್ತಿ, ಸಂಜೆಗೆ ಮುಂಚೆ ಹೊದಿಸಬಹುದು. ಆಫ್ರಿಕಾದ ಬೆನಿನ್ ದೇಶದಲ್ಲಿ ಕೋಸಿನ ಪಾತಿಗಳಿಗೆ ಸೊಳ್ಳೆ ಪರದೆಯನ್ನೇ ಹೊದಿಸಿ ಮಾಡಿದ ಪ್ರಯೋಗ ೨೦೦೬ರಲ್ಲಿ ಪ್ರಕಟವಾಯಿತು. ಔಷಧಿ ಹೊಡೆದ ಪಾತಿಗಿಂತ ಬಲೆಯ ಪಾತಿಯಲ್ಲಿ ಆ ಪತಂಗದ ಹುಳ ಕಡಿಮೆ ಇತ್ತು. ಬಿಳಿ ನೊಣ ಹಾಗಲ್ಲ, ಹಗಲು ತಿರುಗುವಂಥದು. ಟೊಮೆಟೊ ಮಡಿಯ ಬಲೆಯನ್ನು ಹಗಲು ಎತ್ತಿಟ್ಟರೆ ಹೊದಿಸಿಯೂ ದಂಡ.

ಜೇನನ್ನು ಮರೆಯಬೇಡಿ. ಹೀರೆ, ಸೌತೆ, ಕುಂಬಳ ಜಾತಿಗೆ ಜೇನು ಬಾರದೆ ಕಾಯಿ ನಿಲ್ಲದು, ಹೂ ಕಂಡ ದಿವಸವೇ ಹುಳದ ಬಲೆ ತೆಗೆಯಬೇಕು. ಕೋಸು, ಸೊಪ್ಪಿಗೆ ಆ ಚಿಂತೆಯಿಲ್ಲ, ಕೊಯ್ಯುವ ತನಕ ಹೊದಿಸಿಡಬಹುದು.

ಆ ಮನೆಯವರು ಮರುವರ್ಷ ೫೦ ಮೆಶ್ಶಿನ ಬಿಳಿ ಬಲೆ ತಂದರು. ಬಿಸಿಲು ತಡೆಯುವ ಮದ್ದು ಬೆರೆಸಿದ್ದು ಹೌದೇ ಎಂದು ಕೇಳಿಯೇ ತಂದರು, ಇಲ್ಲದಿದ್ದರೆ ಬೇಗ ಪುಡಿಯಾಗುತ್ತದೆ. ಈ ಸಲ ಅಳತೆಯ ಅಂಗುಲ ಪಟ್ಟಿ ಹಿಡಿದು ನಾನೂ ಅಂಗಡಿಗೆ ಹೋಗಿದ್ದೆ. ಬೀಜ ಹಾಕಿದ ದಿವಸವೇ ಬಿದಿರಿನ ದಬ್ಬೆ ಬಾಗಿಸಿ ನೆಟ್ಟು, ಬಲೆ ಹೊದಿಸಿ, ಸುತ್ತಲೂ ಅಂಚನ್ನು ಮಣ್ಣಿನಲ್ಲಿ ಹೂತೆವು. ಸಸಿ ಎದ್ದ ಮೇಲೆ ಹೊದಿಸಿದರೆ ಒಳಗೆ ಸೇರಿದ ನೊಣಕ್ಕೆ ನಾವೇ ಮನೆ ಕಟ್ಟಿಕೊಟ್ಟಂತೆ. ಇಪ್ಪತ್ತೈದು ದಿವಸದ ತನಕ ನೀರು ಹಾಕಿದ್ದು ಬಲೆಯ ಮೇಲಿಂದಲೇ. ತಳಿಯನ್ನೂ ಬದಲಾಯಿಸಿದರು. ಮುಟುರು ತಡೆಯುವ ನಂದಿ, ಸಂಕ್ರಾಂತಿ, ವೈಭವ್ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರೂ, ಅರ್ಕಾ ರಕ್ಷಕ್ ತಳಿಯನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರೂ ಕೊಟ್ಟಿದ್ದಾರೆ.

ಹೊಲಕ್ಕೆ ನೆಟ್ಟ ಮೇಲೆ ಕೆಲವು ಗಿಡಗಳಿಗೆ ಮುಟುರು ಬಂದೇ ಬಂತು, ಸುಳ್ಳು ಯಾಕೆ ಹೇಳಲಿ. ಕಂಡವನ್ನು ಕಿತ್ತು ಹೂಳಿದರು. ಆದರೆ ಎಳೆಯದರಲ್ಲೇ ರೋಗ ತಗಲಿದ ಗಿಡ ಕಾಯಿ ಬಿಡುವುದೇ ಇಲ್ಲ; ಆ ಮೊದಲ ತಿಂಗಳು ಪಾರಾಗಿದ್ದರಿಂದ ಬೆಳೆ ಕೈಗೆ ಬಂತು, ಔಷಧಿ ಅಂಗಡಿಯ ಹಳೆಯ ಬಾಕಿಯೂ ಒಂದಿಷ್ಟು ತೀರಿತು.

ಆ ಬಲೆಯಲ್ಲಿ ಇಲಿ ಎರಡು ಕಡೆ ತೂತು ಮಾಡಿತ್ತು. ಅಜ್ಜಿ ಅದನ್ನು ತೊಳೆದು, ನೆರಳಲ್ಲಿ ಒಣಗಿಸಿ, ಹಳೆಯ ವಾಯಿಲ್ ಸೀರೆಯ ತುಂಡಿಟ್ಟು ಹೊಲಿದು ಅಟ್ಟಕ್ಕೆ ಹಾಕಿದರು. ಹಸಿರು ಪರದೆ ಈಗ ಅವರ ಹಿತ್ತಲಲ್ಲಿ ಎಮ್ಮೆಗೆ ನೆರಳಾಗಿದೆ.